ಸರಕಾರವೂ ಭಯೋತ್ಪಾದಕ ಆಗಬಹುದೇ?

ಪಿಯುಸಿ ಓದುವ ಮಗಳು ಮೊನ್ನೆ ರಾತ್ರಿ ಊಟಕ್ಕೆ ಕೂತಾಗ ಒಂದು ಪ್ರಶ್ನೆ ಕೇಳಿದಳು. ಕಾಲೇಜಿನ ಚರ್ಚಾ ಸ್ಪರ್ಧೆಗೆ ವಿಷಯ ಕೊಟ್ಟಿದ್ದಾರಂತೆ: ‘ಸರಕಾರ ಭಯೋತ್ಪಾದನೆ ಮಾಡಲು ಸಾಧ್ಯವೇ?’ ನಾನು ಬಾಯಿ ತೆರೆಯುವ ಮೊದಲೇ ನನ್ನ ಭಾವ, “ಅದರಲ್ಲಿ ಕೇಳುವುದೆಂತ? ದೊಡ್ಡ ಭಯೋತ್ಪಾದಕರು ಸರಕಾರಗಳೇ” ಎಂದುಬಿಟ್ಟರು. ಮಗಳು ಬಿಡಲಿಲ್ಲ. “ಹಾಗಾದರೆ ಭಯೋತ್ಪಾದನೆ ಎಂದರೆ ಎಂತ, ಅದನ್ನು ಮೊದಲು ಹೇಳಿ” ಎಂದಳು. ನಾವಿಬ್ಬರೂ ಸುಮ್ಮನಾದೆವು.

ಸುಮ್ಮನಾದದ್ದು ನಾವು ಮಾತ್ರ ಅಲ್ಲ. ಭಯೋತ್ಪಾದನೆಯ ವಿರುದ್ಧ ಒಂದು ಸಮಗ್ರ ಒಪ್ಪಂದ ಬೇಕು ಎಂದು 1996ರಲ್ಲಿ ವಿಶ್ವಸಂಸ್ಥೆಯ ಮುಂದೆ ಪ್ರಸ್ತಾವ ಇಟ್ಟದ್ದು ನಮ್ಮ ಭಾರತ. ಇವತ್ತಿಗೂ ಅದಕ್ಕೆ ಒಪ್ಪಿಗೆ ಸಿಕ್ಕಿಲ್ಲ. ಮುಖ್ಯವಾಗಿ ಎರಡು ಕಡೆ ಗಂಟು ಬಿದ್ದಿದೆ. ಪರರ ಆಕ್ರಮಣದಡಿ ಬದುಕುವ ಜನರ ಹೋರಾಟವನ್ನು ಏನೆಂದು ಕರೆಯುವುದು? ದೇಶಗಳ ಸೇನೆ ಮಾಡಿದ್ದನ್ನು ಈ ಪದದೊಳಗೆ ಸೇರಿಸುವುದೋ, ಬೇಡವೋ?

ವಿಚಿತ್ರವೆಂದರೆ, ಈ ಪದ ಹುಟ್ಟಿದ್ದೇ ಸರಕಾರದ ಮನೆಯಲ್ಲಿ. 1793-94ರಲ್ಲಿ ಫ್ರಾನ್ಸಿನಲ್ಲಿ ರೋಬೆಸ್ಪಿಯರ್ ಮತ್ತು ಸಂಗಡಿಗರು ಸಾವಿರಾರು ಮಂದಿಯ ತಲೆ ಕಡಿಸಿ ಆಳಿದ ಕಾಲಕ್ಕೆ ‘ಟೆರರ್’ ಎಂದೇ ಹೆಸರು. ‘ಟೆರರಿಸಂ’ ಎಂಬ ಮಾತು ಬಳಕೆಗೆ ಬಂದದ್ದು ಆ ಆಡಳಿತವನ್ನು ಹೆಸರಿಸಲು. ಬಾಂಬ್ ಇಡುವ ಗುಂಪುಗಳಿಗೆ ಅದು ಅಂಟಿಕೊಂಡದ್ದು ಆಮೇಲೆ.

ಅದೇ ಫ್ರಾನ್ಸಿನ ಇನ್ನೊಂದು ಕತೆ ಉಂಟು. 1985ರ ಜುಲೈ 10ರ ರಾತ್ರಿ ನ್ಯೂಝಿಲ್ಯಾಂಡ್‌ನ ಆಕ್ಲೆಂಡ್ ಬಂದರಿನಲ್ಲಿ ನಿಂತಿದ್ದ ‘ರೇನ್‌ಬೋ ವಾರಿಯರ್’ ಎಂಬ ಹಡಗಿನಲ್ಲಿ ಎರಡು ಬಾಂಬ್ ಸಿಡಿದವು. ಅದು ಗ್ರೀನ್‌ಪೀಸ್ ಸಂಸ್ಥೆಯ ಹಡಗು. ಮುರುರೋವಾ ದ್ವೀಪದಲ್ಲಿ ಫ್ರಾನ್ಸ್ ನಡೆಸುತ್ತಿದ್ದ ಅಣುಬಾಂಬ್ ಪರೀಕ್ಷೆಯನ್ನು ಪ್ರತಿಭಟಿಸಲು ಹೊರಡುವುದರಲ್ಲಿತ್ತು. ಛಾಯಾಗ್ರಾಹಕ ಫೆರ್ನಾಂಡೊ ಪೆರೇರಾ ಹಡಗಿನೊಂದಿಗೆ ಮುಳುಗಿ ಸತ್ತರು. ‘ನಮಗೂ ಇದಕ್ಕೂ ಸಂಬಂಧವಿಲ್ಲ’ ಎಂದಿತು ಫ್ರಾನ್ಸ್. ಆದರೆ ಅಲ್ಲಿನ ಪೊಲೀಸರು ಇಬ್ಬರು ಫ್ರೆಂಚ್ ಗುಪ್ತಚರರನ್ನು ಹಿಡಿದರು. ಸೆಪ್ಟಂಬರ್‌ನಲ್ಲಿ ಫ್ರಾನ್ಸಿನ ರಕ್ಷಣಾ ಸಚಿವರು ರಾಜೀನಾಮೆ ಕೊಟ್ಟರು, ಆದೇಶದ ಮೇಲೆ ನಮ್ಮವರೇ ಮಾಡಿದ್ದು ಎಂದು ಪ್ರಧಾನಿ ಒಪ್ಪಿಕೊಂಡರು. ಆ ಇಬ್ಬರಿಗೆ 10 ವರ್ಷ ಶಿಕ್ಷೆ ಆಯಿತು, ಕೆಲವೇ ವರ್ಷಗಳಲ್ಲಿ ಅವರು ಊರಿಗೆ ಮರಳಿಯೂ ಆಯಿತು. ಕೇಸಿನ ಹೆಸರು ನರಹತ್ಯೆ. ಇದೇ ಕೆಲಸವನ್ನು ಯಾವುದೋ ಸಂಘಟನೆಯ ನಾಲ್ಕು ಹುಡುಗರು ಮಾಡಿದ್ದರೆ ಕೇಸಿಗೆ ಯಾವ ಹೆಸರು ಬೀಳುತ್ತಿತ್ತು ಎಂದು ನಾನು ಹೇಳಬೇಕೇ?

ಹಾಗೆಂದು ಸರಕಾರ ಕೊಂದದ್ದೆಲ್ಲ ಭಯೋತ್ಪಾದನೆ ಅಲ್ಲ. ಇಲ್ಲಿ ನನ್ನ ಭಾವನ ಮಾತು ಕುಂಟುತ್ತದೆ. 1988ರ ಜುಲೈ 3ರಂದು ಬಂದರ್ ಅಬ್ಬಾಸ್‌ನಿಂದ ದುಬೈಗೆ ಹೊರಟಿದ್ದ ಇರಾನ್ ಏರ್ ವಿಮಾನವನ್ನು ಅಮೆರಿಕದ ಯುದ್ಧನೌಕೆ ಹೊಡೆದುರುಳಿಸಿತು. ಸತ್ತವರು 290 ಮಂದಿ, ಅವರಲ್ಲಿ 66 ಮಕ್ಕಳು. ಭಾರತೀಯರೂ ಇದ್ದರು. ದುಬೈ ವಿಮಾನ ಎಂದರೆ ಏನೆಂದು ನಮ್ಮ ಮನೆಗಳಿಗೆ ಬಿಡಿಸಿ ಹೇಳಬೇಕಾಗಿಲ್ಲ. ಯುದ್ಧವಿಮಾನ ಎಂದು ತಪ್ಪು ತಿಳಿದೆವು ಎಂದಿತು ಅಮೆರಿಕ. 1996ರಲ್ಲಿ ಪರಿಹಾರಕ್ಕೆ ಒಪ್ಪಿತು, ಹೊಣೆಯನ್ನು ಮಾತ್ರ ಒಪ್ಪಲಿಲ್ಲ. ಆ ಮಾತು ನಿಜವಾದರೆ ಅದು ಘೋರ ಬೇಜವಾಬ್ದಾರಿ, ಅದಕ್ಕೆ ಲೆಕ್ಕ ಕೊಡಬೇಕಿತ್ತು. ಆದರೆ ಭಯೋತ್ಪಾದನೆ ಎನ್ನಲು ಉದ್ದೇಶ ಬೇಕು. ಸಾಮಾನ್ಯ ಜನರ ಮೇಲೆ ಬೇಕೆಂದೇ ಹಿಂಸೆ ನಡೆಸಿ, ಆ ಭಯದಿಂದ ರಾಜಕೀಯ ಕೆಲಸ ಸಾಧಿಸುವುದು: ನನ್ನ ಲೆಕ್ಕದಲ್ಲಿ ಅರ್ಥ ಇಷ್ಟೇ. ಮಾಡಿದವನು ಯಾರು ಎಂಬುದು ಇದರಲ್ಲಿ ಬರುವುದಿಲ್ಲ.

‘ಸರಕಾರಗಳಿಗೆ ಯುದ್ಧದ ಕಾನೂನು ಬೇರೆ ಉಂಟಲ್ಲ, ಈ ಪದ ಯಾಕೆ?’ ಎಂದು ಕೇಳುವವರಿದ್ದಾರೆ. ಆ ಕಾನೂನಿನಲ್ಲೇ ಈ ಪದ ಉಂಟು. ಯುದ್ಧಕಾಲದಲ್ಲಿ ಎದುರಾಳಿಯ ಕೈಯೊಳಗಿರುವ ನಾಗರಿಕರ ಮೇಲೆ ಬೆದರಿಕೆಯಾಗಲಿ ಭಯೋತ್ಪಾದನೆಯಾಗಲಿ ಕೂಡದು ಎಂದು 1949ರ ನಾಲ್ಕನೇ ಜಿನೀವಾ ಒಪ್ಪಂದ ಹೇಳುತ್ತದೆ. ಬೋಸ್ನಿಯಾದ ಸರಾಯೆವೊ ನಗರವನ್ನು ಮುತ್ತಿಗೆ ಹಾಕಿ ಜನರ ಮೇಲೆ ಶೆಲ್ ಮತ್ತು ಗುಂಡು ಹಾರಿಸಿದ ಸರ್ಬ್ ಸೇನೆಯ ಜನರಲ್ ಸ್ಟಾನಿಸ್ಲಾವ್ ಗಾಲಿಚ್‌ನ ಮೇಲೆ ನಾಗರಿಕರಲ್ಲಿ ಭಯ ಹರಡಿದ ಅಪರಾಧವೂ ಸಾಬೀತಾಯಿತು. 2006ರಲ್ಲಿ ಹೇಗ್‌ನ ನ್ಯಾಯಮಂಡಳಿ ಜೀವಾವಧಿ ಶಿಕ್ಷೆ ಕೊಟ್ಟಿತು. ಭುಜದ ಮೇಲಿನ ನಕ್ಷತ್ರ ಅವನನ್ನು ಉಳಿಸಲಿಲ್ಲ.

ಅಳತೆಗೋಲು ಒಂದೇ ಇರಬೇಕು ಎಂದು ಕೇಳುವ ನಾವೂ ಅದಕ್ಕೆ ತಲೆಬಾಗಬೇಕು. ನಮ್ಮ ಹೆಸರಿಟ್ಟುಕೊಂಡ ಒಬ್ಬ ಬಸ್ಸಿನಲ್ಲೋ ಪೇಟೆಯಲ್ಲೋ ಬಾಂಬ್ ಇಟ್ಟಾಗ ‘ಅದು ತಪ್ಪೇ, ಆದರೆ ಅವರು ಮಾಡಿದ್ದು?’ ಎಂದು ಶುರು ಮಾಡುವ ಅಭ್ಯಾಸ ನಮ್ಮಲ್ಲೂ ಕೆಲವರಿಗೆ ಉಂಟು. ಆ ‘ಆದರೆ’ಯನ್ನು ಬಿಡದೆ ಸರಕಾರಗಳ ಕಡೆಗೆ ಬೆರಳು ತೋರಿಸಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಹಾಗೆಯೇ ಆರೋಪಕ್ಕೆ ಸಾಕ್ಷಿ ಬೇಕು. ಶಂಕೆಯ ಮೇಲೆ ಹುಡುಗರಿಗೆ ಆ ಹಣೆಪಟ್ಟಿ ಹಚ್ಚುವುದು ಅನ್ಯಾಯ ಎನ್ನುವ ನಾವು, ಸಿಟ್ಟಿನ ಮೇಲೆ ಯಾರಿಗೂ ಅದನ್ನು ಹಚ್ಚಬಾರದು.

ಮಗಳು ತನ್ನ ಚೀಟಿಯಲ್ಲಿ ಕೊನೆಗೆ ಬರೆದುಕೊಂಡದ್ದು ಎರಡೇ ಸಾಲು: “ಹೌದು, ಸರಕಾರವೂ ಮಾಡಬಹುದು. ಯಾರು ಮಾಡಿದರೂ ಸಾಬೀತು ಮಾಡಬೇಕು.” ಭಾವ ಓದಿ, “ಆಯ್ತು, ಹಾಗೆಯೇ ಹೇಳು” ಎಂದರು.