ರೋಗಾಯುಧವೂ ಊರ ಕಾವಲೂ

ಗೋಕಾಕ, ಮೂಡಲಗಿ, ಹುಕ್ಕೇರಿ ಸೀಮೆಯಲ್ಲಿ ದನಕರು ಸಾಕಿದವರಿಗೆ ನೆರಡಿ ಎಂಬ ಹೆಸರು ಹೊಸದಲ್ಲ. ಮುಂಜಾನೆ ನೊಗ ಹೊತ್ತ ಎತ್ತು ಸಂಜೆಗೆ ನೆಲಕ್ಕೊರಗಿ, ಮೂಗುಬಾಯಿಗಳಿಂದ ಹೆಪ್ಪುಗಟ್ಟದ ಕಪ್ಪುರಕ್ತ ಸೋರಿತೆಂದರೆ ಅದು ಈ ಬೇನೆಯ ಲಕ್ಷಣ. 2001ರಲ್ಲಿ ಅಮೆರಿಕೆಯಲ್ಲಿ ಯಾರೋ ಇದೇ ನೆರಡಿಯ ಬೀಜಾಣುಗಳನ್ನು ಅಂಚೆಯ ಲಕೋಟೆಗಳಲ್ಲಿ ತುಂಬಿ ಕಳುಹಿಸಿದರು. ಐವರು ಸತ್ತರು. ಕೊಟ್ಟಿಗೆಯ ಬೇನೆ ಬಲಾಢ್ಯ ರಾಷ್ಟ್ರದ ರಾಜಧಾನಿಯನ್ನೇ ನಡುಗಿಸಿತು.

ರೋಗವನ್ನು ಶತ್ರುವಿನ ಮೇಲೆ ಬಿಡುವ ಯೋಚನೆ ಪಶ್ಚಿಮದವರದು ಮಾತ್ರವೆಂದು ಭಾವಿಸುವುದು ಸರಿಯಲ್ಲ. ಮೈಸೂರಿನ ಪ್ರಾಚ್ಯ ಗ್ರಂಥಾಲಯದಲ್ಲಿ 1905ರಲ್ಲಿ ಆರ್. ಶಾಮಶಾಸ್ತ್ರಿಗಳು ಬೆಳಕಿಗೆ ತಂದು 1909ರಲ್ಲಿ ಪ್ರಕಟಿಸಿದ ಕೌಟಿಲ್ಯನ ಅರ್ಥಶಾಸ್ತ್ರದ ಹದಿನಾಲ್ಕನೆಯ ಅಧಿಕರಣವು ವೈರಿಗೆ ಕುರುಡು, ಹುಚ್ಚು, ಕುಷ್ಠಗಳನ್ನು ತರುವ ಯೋಗಗಳಿಂದ ತುಂಬಿದೆ. ಅವುಗಳಲ್ಲಿ ಎಷ್ಟು ಫಲಿಸುತ್ತಿದ್ದವೆಂಬುದು ಬೇರೆ ಮಾತು. ಹಲವು ವೈದ್ಯಕ್ಕಿಂತ ಮಾಟಕ್ಕೆ ಹತ್ತಿರ. ಆದರೆ ಅದೇ ಅಧಿಕರಣದ ಕೊನೆಯ ಅಧ್ಯಾಯ ಸ್ವಸೈನ್ಯಕ್ಕೆ ಒದಗುವ ಇಂಥ ಹಾನಿಯ ಪ್ರತೀಕಾರಕ್ಕೆ ಮೀಸಲಾಗಿದೆ. ಇನ್ನೊಂದೆಡೆ ವ್ಯಾಧಿಯನ್ನೂ ಇಲಿಯ ಹಾವಳಿಯನ್ನೂ ರಾಜ್ಯದ ಮಹಾಭಯಗಳಲ್ಲಿ ಎಣಿಸಿ, ಪ್ರಜೆಗಳಿಂದ ಇಲಿಗಳನ್ನೇ ಕರವಾಗಿ ಪಡೆಯಬಹುದೆಂದು ಹೇಳಿದೆ. ಪ್ಲೇಗಿನ ಕಾಲದಲ್ಲಿ ಇಲಿ ಹಿಡಿದವರಿಗೆ ಕಾಸು ಕೊಟ್ಟ ಅಧಿಕಾರಿಗಳಿಗೆ ಈ ಮಾತು ರುಚಿಸುತ್ತಿತ್ತೇನೋ!

ಮೊದಲನೆಯ ಮಹಾಯುದ್ಧದಲ್ಲಿ ಜರ್ಮನರು ವೈರಿಗಳ ಕುದುರೆ, ಹೇಸರಗತ್ತೆಗಳಿಗೆ ರೋಗ ಹತ್ತಿಸಿದರು. ಜಪಾನಿನ 731ನೆಯ ದಳ ಚೀನದ ಊರುಗಳ ಮೇಲೆ ಪ್ಲೇಗಿನ ಚಿಗಟಗಳನ್ನು ಸುರಿಯಿತು. 1925ರ ಜಿನೀವಾ ಒಪ್ಪಂದ ಇಂಥ ಆಯುಧದ ಬಳಕೆಯನ್ನು ನಿಷೇಧಿಸಿತೇ ಹೊರತು ತಯಾರಿಕೆಯನ್ನಲ್ಲ. ತಯಾರಿಕೆಯನ್ನೂ ಸಂಗ್ರಹವನ್ನೂ ನಿಷೇಧಿಸಿದ 1972ರ ಒಡಂಬಡಿಕೆ 1975ರಲ್ಲಿ ಜಾರಿಗೆ ಬಂತು. ಅದಕ್ಕೆ ಸಹಿ ಹಾಕಿದ್ದ ಸೋವಿಯತ್ ದೇಶದ ಸ್ವೆರ್ಡ್ಲೋವ್‌ಸ್ಕ್ ನಗರದಲ್ಲಿ 1979ರಲ್ಲಿ ಸೈನಿಕ ಕೇಂದ್ರವೊಂದರಿಂದ ನೆರಡಿಯ ಬೀಜಾಣು ಹೊರಬಿದ್ದು ಅರವತ್ತಕ್ಕೂ ಹೆಚ್ಚು ಜನ ಸತ್ತರು. ಕೆಟ್ಟ ಮಾಂಸ ಕಾರಣವೆಂದು ಸರ್ಕಾರ ಹೇಳಿತು. ಒಡಂಬಡಿಕೆಯಲ್ಲಿ ತಪಾಸಣೆಯ ವ್ಯವಸ್ಥೆಯಿಲ್ಲದಿರುವುದೇ ಅದರ ದೊಡ್ಡ ಕೊರತೆ.

ಕನ್ನಡನಾಡಿಗೂ ಈ ಶಂಕೆಯ ನೆರಳು ಬಿದ್ದಿತ್ತು. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಬೆನ್ನಲ್ಲೇ ಜನರಿಗೂ ಜ್ವರ ಬಂತು. ಉಣುಗುಗಳಿಂದ ಹರಡುವ ಈ ಹೊಸ ವೈರಾಣುವನ್ನು ಗುರುತಿಸಿದ್ದು ಅಮೆರಿಕೆಯ ರಾಕ್‌ಫೆಲರ್ ಪ್ರತಿಷ್ಠಾನದ ನೆರವಿದ್ದ ಪುಣೆಯ ವೈರಾಣು ಸಂಶೋಧನ ಕೇಂದ್ರ. ವಲಸೆ ಹಕ್ಕಿಗಳು ಅದನ್ನು ಉತ್ತರದೇಶಗಳಿಂದ ತಂದವೇ ಎಂಬ ಪ್ರಶ್ನೆ ಎದ್ದಿತು. ಹಕ್ಕಿಗಳ ಅಧ್ಯಯನಕ್ಕೆ ಅಮೆರಿಕದ ಸೈನ್ಯದ ಹಣವೂ ಬಂದಿತ್ತು. 1975ರಲ್ಲಿ ಸಂಸತ್ತಿನ ಸಾರ್ವಜನಿಕ ಲೆಕ್ಕಪತ್ರ ಸಮಿತಿ ಇಂಥ ವಿದೇಶೀ ಸಹಯೋಗಗಳನ್ನು ಕಟುವಾಗಿ ಪ್ರಶ್ನಿಸಿತು. ಕೇಳಬೇಕಾದ ಪ್ರಶ್ನೆಯನ್ನೇ ಕೇಳಿತು. ವೈರಾಣು 1957ಕ್ಕಿಂತ ಬಹಳ ಹಳೆಯದೆಂದು ಮುಂದಿನ ಸಂಶೋಧನೆಗಳು ತೋರಿಸಿದವು. ಅಮೆರಿಕೆಯಾದರೋ ಕ್ಯಾಸನೂರಿನ ಹೆಸರನ್ನು ತನ್ನ ಅಪಾಯಕಾರಿ ರೋಗಾಣುಗಳ ಪಟ್ಟಿಗೆ ಸೇರಿಸಿತು. ಇತ್ತ ಮಲೆನಾಡಿನವರಿಗೆ ಕೊಡುತ್ತಿದ್ದ ಲಸಿಕೆ ಬಲ ಸಾಲದೆ 2022ರಲ್ಲಿ ನಿಂತಿತು. ಪರರ ಸಂಚಿನ ವಿಚಾರದಲ್ಲಿ ತೋರಿದ ಆವೇಶದ ಕಾಲುಭಾಗ ಲಸಿಕೆಯ ವಿಚಾರದಲ್ಲಿ ತೋರಿದ್ದರೆ!

ರೋಗ ತಾನಾಗಿ ಬಂದುದೋ ಹಗೆಯವನು ತಂದುದೋ ಎಂಬುದು ಮೊದಲ ದಿನ ತಿಳಿಯದು. ಎರಡಕ್ಕೂ ಕಾವಲು ಒಂದೇ: ಮೊದಲು ಸತ್ತ ಪ್ರಾಣಿಯ ಸುದ್ದಿ ಪಶುವೈದ್ಯರಿಗೆ ಅಂದೇ ಮುಟ್ಟಬೇಕು. ನೆರಡಿಯ ಶಂಕೆಯಿದ್ದ ಹೆಣವನ್ನು ಸೀಳಬಾರದು, ಚರ್ಮ ಸುಲಿಯಬಾರದು; ಸುಣ್ಣ ಹಾಕಿ ಆಳವಾಗಿ ಹೂಳಬೇಕು ಅಥವಾ ಸುಡಬೇಕು. ಇಲ್ಲದಿದ್ದರೆ ಬೀಜಾಣು ಮಣ್ಣಿನಲ್ಲಿ ದಶಕಗಳ ಕಾಲ ಉಳಿಯುತ್ತದೆ. ಬೆಂಗಳೂರಿನ ಹೆಬ್ಬಾಳದ ಸಂಸ್ಥೆ ಲಸಿಕೆ ತಯಾರಿಸುತ್ತದೆ. ಆದರೆ ಎತ್ತು ಕಳೆದುಕೊಂಡ ಬಡವನಿಗೆ ಚರ್ಮದ ನಾಲ್ಕು ಕಾಸೂ ದೊಡ್ಡದು. ನಷ್ಟ ತುಂಬಿಕೊಡದೆ ಅವನಿಂದ ಸತ್ಯ ನಿರೀಕ್ಷಿಸುವುದು ನ್ಯಾಯವೆ?

ಶಾಲೆಯ ಮಹಾದ್ವಾರಕ್ಕೆ ಉದಾರವಾಗಿ ಕೊಡುವ ದಾನಿಗಳು ಇಂಥ ರೈತರಿಗಾಗಿ ಒಂದು ಸಣ್ಣ ನಿಧಿಯನ್ನೂ ಇಡಬಹುದು. ಘಟಪ್ರಭೆಯ ದಂಡೆಯ ಹಳ್ಳಿಗಳಿಂದ ಬರುವ ಮಕ್ಕಳಿಗೆ ಏಳನೆಯ ತರಗತಿಯಲ್ಲೇ ನೆರಡಿಯ ಲಕ್ಷಣ ಕಲಿಸಬಹುದು. ತಾಲೂಕಿನ ಪಶು ಆಸ್ಪತ್ರೆಯ ದೂರವಾಣಿ ಸಂಖ್ಯೆಯನ್ನು ಶಾಲೆಯ ಗೋಡೆಯ ಮೇಲೆ ಬರೆಸಲು ಒಂದು ಡಬ್ಬಿ ಬಣ್ಣ ಸಾಕು.