ಸಣ್ಣಾಟ ಅಂದ್ರೆ ಸಣ್ಣ ಆಟ ಅಲ್ಲ!

ಜಗತ್ತಿನ ರಂಗಭೂಮಿಯ ಪದಗಳಿಗೆಲ್ಲ ಒಂದೊಂದು ಸಾಲಿನ ಅರ್ಥ ಕೊಡೋ ಪಟ್ಟಿಗಳ ಮೇಲೆ ನನ್ನದೊಂದು ತಕರಾರಿದೆ. ಕಬುಕಿಯ 'ಹನಮಿಚಿ'ಗೆ, ಪ್ರೇಕ್ಷಕರ ನಡುವೆ ಹಾಯ್ದು ರಂಗಕ್ಕೆ ಬರೋ ದಾರಿ ಅಂತ ಬರೆದ್ರೆ ಸಾಕು, ತಿಳಿಯುತ್ತೆ. ನಮ್ಮ ಬಾಗಲಕೋಟೆ ಕಡೆಯ 'ಸಣ್ಣಾಟ'ಕ್ಕೆ 'ಚಿಕ್ಕ ನಾಟಕ' ಅಂತ ಬರೆದ್ರೆ? ಬೆಳತನಕ ನಡೆಯೋ ಆಟ ಕಣ್ರೀ ಅದು!

ದೊಡ್ಡಾಟದಲ್ಲಿ ಪುರಾಣದ ವೀರರು, ಕಿರೀಟ, ಭುಜಕೀರ್ತಿ, ಅಬ್ಬರದ ಕುಣಿತ. ಸಣ್ಣಾಟದಲ್ಲಿ ವೇಷ ಹಗುರ, ಹಾಡು ಹೆಚ್ಚು, 'ಸಂಗ್ಯಾ ಬಾಳ್ಯಾ'ದಂಥ ಊರಮಂದಿಯ ಕತೆ. ಹಂಗಂತ ಇದೂ ಗಟ್ಟಿ ನಿಯಮ ಅಲ್ಲ. ಶ್ರೀಕೃಷ್ಣ ಪಾರಿಜಾತದ ಕತೆ ಪುರಾಣದ್ದೇ, ಆದ್ರೂ ಅದನ್ನ ಸಣ್ಣಾಟದ ಸಾಲಿಗೆ ಸೇರಿಸೋ ವಿದ್ವಾಂಸರಿದ್ದಾರೆ.

'ಭಾಗವತ' ಅನ್ನೋ ಪದ ತಗೊಳ್ಳಿ. ಕರಾವಳಿ ಯಕ್ಷಗಾನದಲ್ಲಿ ಅವನು ಹಾಡಿ ಆಟ ನಡೆಸುವವ. ಪಾರಿಜಾತದ ಭಾಗವತ ಹಾಡೋದಷ್ಟೇ ಅಲ್ಲ, ಪಾತ್ರಗಳ ಎದುರು ನಿಂತು ಮಾತಿಗೆ ಮಾತು ಕೊಡ್ತಾನೆ, ಸತ್ಯಭಾಮೆಯನ್ನ ಕೆಣಕ್ತಾನೆ, ಜನರನ್ನ ನಗಿಸ್ತಾನೆ. ಕೋಡ್ ಬರೆಯೋರಿಗೆ ಇದು ಹೊಸದಲ್ಲ... ಎರಡು ಫೈಲಲ್ಲಿ ಒಂದೇ ಹೆಸರಿನ ಎರಡು ಫಂಕ್ಷನ್ :-) ಯಾವ ಫೈಲಿನದು ಅಂತ ಹೇಳದೆ ಕರೆದ್ರೆ ತಪ್ಪು ಉತ್ತರ ಗ್ಯಾರಂಟಿ.

ನನಗೆ ಬಹಳ ಇಷ್ಟದ ಪದ 'ತಾಲೀಮು'. ಕುಸ್ತಿಗೂ ಅದೇ, ನಾಟಕಕ್ಕೂ ಅದೇ. ಜಪಾನಿನಲ್ಲೂ ಸುಮೋ ಪೈಲ್ವಾನರ ಅಭ್ಯಾಸಕ್ಕೆ, ನೋ ಕಲಾವಿದರ ಅಭ್ಯಾಸಕ್ಕೆ 'ಕೇಕೊ' ಅಂತ ಒಂದೇ ಪದ. ಎಲ್ಲಿಯ ಜಪಾನು, ಎಲ್ಲಿಯ ಹುನಗುಂದ! 'ಪೂರ್ವಾಭ್ಯಾಸ' ಅಂತ ಬರೆದಾಗ ಆ ಮಣ್ಣಿನ ವಾಸನೆ ಹೋಗೇಬಿಡುತ್ತೆ.

'ಕಂಪನಿ', 'ಕ್ಯಾಂಪು', 'ಸೀನರಿ' ಎಲ್ಲ ಇಂಗ್ಲಿಷು, ನಮ್ಮ ಪದಕೋಶಕ್ಕೆ ಯಾಕೆ ಅನ್ನೋರಿದ್ದಾರೆ. ಬಾದಾಮಿಯ ಬನಶಂಕರಿ ಜಾತ್ರೆಗೆ ಬಂದು 'ಕಂಪನಿ' ಅನ್ನಿ, ಯಾರೂ ಸಾಫ್ಟ್‌ವೇರ್ ಅಂದ್ಕೊಳ್ಳಲ್ಲ, ಯಾವ ನಾಟಕ ಅಂತ ಕೇಳ್ತಾರೆ. 'ರಕ್ತರಾತ್ರಿ' ಬರೆದ ಇಳಕಲ್ ಹತ್ತಿರದ ಕಂದಗಲ್ಲ ಹನುಮಂತರಾಯರು, 'ಸಂಪತ್ತಿಗೆ ಸವಾಲ್' ಬರೆದ ಹುನಗುಂದ ಸೀಮೆಯ ಪಿ.ಬಿ. ಧುತ್ತರಗಿ (1974ರಲ್ಲಿ ರಾಜ್‌ಕುಮಾರ್ ಸಿನಿಮಾ ಆಯ್ತಲ್ಲ, ಅದೇ) ಇಬ್ಬರೂ ವೃತ್ತಿ ರಂಗಭೂಮಿಗೆ ಬರೆದವರು. ಆ ಕಂಪನಿಗಳಲ್ಲಿ ದುಡಿದವರ ಬಾಯಲ್ಲಿ ಪಳಗಿದ ಪದ ಕನ್ನಡ ಅಲ್ಲ ಅಂದ್ರೆ ಮತ್ತಿನ್ಯಾವುದು?

ಹಾಗಾಗಿ ಪಟ್ಟಿ ಮಾಡೋರು ಪದದ ಜೊತೆ ಊರು, ಆಟ, ಅದನ್ನ ಆಡೋರು ಯಾರು ಅನ್ನೋದನ್ನೂ ಬರೀಲಿ. ಪೇಟಿ ಮಾಸ್ತರರನ್ನ, ಮುಪ್ಪಾದ ಭಾಗವತರನ್ನ ಈಗಲೇ ಕೇಳಬೇಕು. ಅವರಲ್ಲಿ ಎಷ್ಟೋ ಮಂದಿಗೆ ಶಿಷ್ಯರೇ ಇಲ್ಲ. ನಿಮ್ಮೂರಿನ ಆಟದಲ್ಲಿ ಭಾಗವತ ಏನು ಮಾಡ್ತಾನೆ? ಊರ ಹೆಸರಿನ ಜೊತೆ ಬರೀರಿ.