ಸುಬ್ರಹ್ಮಣ್ಯ ಎಂದು ಓದುವ ಮುನ್ನ

ನೆಟ್ಟಣದ ರೈಲು ನಿಲ್ದಾಣದ ಬೋರ್ಡಿನಲ್ಲಿ ನೆಟ್ಟಣ ಎಂದಿಲ್ಲ, ‘ಸುಬ್ರಹ್ಮಣ್ಯ ರೋಡ್’ ಎಂದಿದೆ. ಕುಕ್ಕೆಗೆ ಹೊರಟವರು ಅದನ್ನು ಅಕ್ಷರ ಕೂಡಿಸಿ ಓದುವುದಿಲ್ಲ, ಕಂಡ ಕೂಡಲೇ ಇಳಿಯುತ್ತಾರೆ. ಎರಡನೇ ತರಗತಿಯ ಮಗುವಿಗೆ ಮಾತ್ರ ಆ ಹೆಸರು ಘಾಟಿ ಹತ್ತಿದ ಹಾಗೆ. ನಾಲ್ಕು ಅಕ್ಷರಗಳಲ್ಲಿ ಮೂರಕ್ಕೆ ಒತ್ತು: ಬ್ರ, ಹ್ಮ, ಣ್ಯ. ಅದರ ಮೇಲೆ, ಮಗು ಮನೆಯಲ್ಲಿ ಕೇಳಿದ್ದು ‘ಸುಬ್ರಮಣ್ಯ’. ಕಿವಿಗೆ ಬೀಳದ ‘ಹ’ವನ್ನು ಕಣ್ಣು ಎಲ್ಲಿಂದ ಹುಡುಕಬೇಕು?

ಈ ಸೀಮೆಯ ಬಸ್ಸಿನ ಬೋರ್ಡುಗಳನ್ನೇ ಜೋಡಿಸಿಟ್ಟರೆ ಕನ್ನಡ ಓದಿನ ಮೆಟ್ಟಿಲುಗಳು ಕಾಣುತ್ತವೆ. ಮೊದಲು ಕಡಬ: ಕೊಂಬಿಲ್ಲ, ಗುಡಿಸಿಲ್ಲ, ಒತ್ತಿಲ್ಲ. ಆಮೇಲೆ ಬಿಳಿನೆಲೆ, ನಾಲ್ಕಕ್ಕೆ ನಾಲ್ಕೂ ಗುಣಿತಾಕ್ಷರ. ನೆಟ್ಟಣದಲ್ಲಿ ಅದೇ ಅಕ್ಷರದ ಒತ್ತು, ಸುಬ್ರಹ್ಮಣ್ಯದಲ್ಲಿ ಬೇರೆ ಅಕ್ಷರಗಳದ್ದು. ಧರ್ಮಸ್ಥಳಕ್ಕೆ ಬಂದರೆ ಅರ್ಕಾವತ್ತು. ಮೊದಲು ನುಡಿಯುವ ‘ರ್’ ಬರವಣಿಗೆಯಲ್ಲಿ ‘ಮ’ದ ಬಲಕ್ಕೆ ಹೋಗಿ ನಿಲ್ಲುತ್ತದೆ. ಓದಿಗೆ ತಡವರಿಸುವ ಮಗು ಇವುಗಳಲ್ಲಿ ಯಾವ ಮೆಟ್ಟಿಲಲ್ಲಿ ನಿಂತಿದೆ ಎಂದು ನೋಡುವುದು ವಾಕ್ ಚಿಕಿತ್ಸಕರ ಮೊದಲ ಕೆಲಸಗಳಲ್ಲಿ ಒಂದು. ‘ಓದಲು ಬರುವುದಿಲ್ಲ’ ಎಂಬ ಮಾತಿನಿಂದ ಅವರಿಗೆ ಏನೂ ತಿಳಿಯುವುದಿಲ್ಲ. ಕನ್ನಡದ ಅಕ್ಷರಗಳೆಲ್ಲ ಕೈವಶವಾಗಲು ನಾಲ್ಕನೇ ತರಗತಿಯವರೆಗೂ, ಕೆಲವರಿಗೆ ಅದರಾಚೆಗೂ ಸಮಯ ಹಿಡಿಯುತ್ತದೆ ಎಂದು ಸೊನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ ಹೇಳುತ್ತದೆ. ಒಂದನೇ ತರಗತಿ ಮುಗಿಯುವುದರೊಳಗೆ ಮಗುವನ್ನು ದಡ್ಡರ ಸಾಲಿಗೆ ಸೇರಿಸುವ ಆತುರ ನಮ್ಮದು.

ಚಿಕಿತ್ಸೆಯೆಂದರೆ ಮಾತ್ರೆ, ಔಷಧಿಯಲ್ಲ. ಹೊರಗಿನವರ ಕಣ್ಣಿಗೆ ಆಟದಂತೆ ಕಾಣುವ ಕೆಲಸ. ಚಪ್ಪಾಳೆ ತಟ್ಟಿ ಪದ ಬಿಡಿಸುವುದನ್ನೇ ನೋಡಿ. ಕ-ಡ-ಬ, ಮೂರು ಚಪ್ಪಾಳೆ. ‘ಕ’ ತೆಗೆದರೆ ಏನುಳಿಯುತ್ತದೆ? ಡಬ. ಅಂತ್ಯಾಕ್ಷರಿ ಆಡಿ ಬೆಳೆದ ನಾಡಿನ ಮಕ್ಕಳಿಗೆ ಇದು ಒಲಿಯುತ್ತದೆ. ಆದರೆ ‘ಕ’ದೊಳಗೆ ‘ಕ್’ ಮತ್ತು ‘ಅ’ ಎಂಬ ಎರಡು ಧ್ವನಿಗಳಿವೆ ಎಂದು ಬಿಡಿಸುವುದು, ಕನ್ನಡವನ್ನು ಚೆನ್ನಾಗಿ ಓದುವ ಮಕ್ಕಳಿಗೂ ಸುಲಭವಲ್ಲ. ಪ್ರಕಾಶ್, ಪ್ರತಿಭಾ ಕಾರಂತ ಮತ್ತು ಸಂಗಡಿಗರು 1993ರಲ್ಲೇ ಇದನ್ನು ತೋರಿಸಿದ್ದರು. ಇಂಗ್ಲಿಷಿಗೆಂದು ಹೊಲಿದ ಪಾಠಕ್ರಮವನ್ನು ನಮ್ಮ ಮಕ್ಕಳಿಗೆ ಹಾಗೆಯೇ ತೊಡಿಸಬಾರದು ಎನ್ನುವುದು ಇದಕ್ಕೇ.

ಒತ್ತಕ್ಷರದಲ್ಲಿ ಇನ್ನೊಂದು ತೊಡಕಿದೆ. ಬರೆಯುವಾಗ ಸು-ಬ್ರ-ಹ್ಮ-ಣ್ಯ. ಚಪ್ಪಾಳೆ ತಟ್ಟಿ ಹೇಳುವಾಗ ಸುಬ್-ರಹ್-ಮಣ್-ಯ. ಒತ್ತಿನ ಮೊದಲ ಅರ್ಧ ಹಿಂದಿನ ಅಕ್ಷರಕ್ಕೆ ಜಾರಿಕೊಳ್ಳುತ್ತದೆ. ಛಂದಸ್ಸಿನಲ್ಲಿ ಒತ್ತಕ್ಷರದ ಹಿಂದಿನ ಅಕ್ಷರ ಗುರು ಎಂದು ನಾವು ಬಾಯಿಪಾಠ ಮಾಡಿದ್ದರ ಕಾರಣವೂ ಇದೇ. ಕಿವಿಯ ಲೆಕ್ಕವೂ ಕಣ್ಣಿನ ಲೆಕ್ಕವೂ ಕೂಡದೆ ಮಗು ಅಲ್ಲೇ ನಿಂತುಬಿಡುತ್ತದೆ. ಆಗ ಗದರದೆ, ಎರಡು ಬಣ್ಣದ ಸೀಮೆಸುಣ್ಣದಲ್ಲಿ ಎರಡೂ ವಿಂಗಡಣೆಯನ್ನು ಬರೆದು ತೋರಿಸುವ ಟೀಚರಿಗೆ ನಾನು ಕೈಮುಗಿಯುತ್ತೇನೆ.

ಇಷ್ಟಾಗಿಯೂ, ಅಕ್ಷರಕ್ಕೆ ಮೊದಲು ಮಾತು. ನೆಟ್ಟಣದ ಆಸುಪಾಸಿನ ಒಂದು ತರಗತಿಯಲ್ಲಿ ತುಳು, ಅರೆಭಾಷೆ, ಮಲಯಾಳ, ಬ್ಯಾರಿ ಮನೆಗಳ ಮಕ್ಕಳು ಒಂದೇ ಬೆಂಚಿನಲ್ಲಿ ಕೂತಿರಬಹುದು. ಇಲ್ಲಿ ಮಾತಿಗೆ ತಡವರಿಸುವ ಮಗುವಿನ ತಾಯಿಗೆ ಸಿಗುವ ಪುಕ್ಕಟೆ ಸಲಹೆ ಒಂದೇ: ‘ಮನೆಯಲ್ಲಿ ಶಾಲೆಯ ಭಾಷೆಯನ್ನೇ ಆಡಿ, ಎರಡೆರಡು ಭಾಷೆಯಿಂದ ಮಗುವಿಗೆ ಗೊಂದಲವಾಗಿದೆ.’ ಇದು ತಪ್ಪು. ಎರಡು ಭಾಷೆ ಕೇಳಿದ್ದರಿಂದ ಭಾಷಾದೋಷ ಹುಟ್ಟುವುದಿಲ್ಲ. ನಿಜವಾದ ತೊಂದರೆಯಿದ್ದರೆ ಅದು ಮನೆಮಾತಿನಲ್ಲೂ ಕಾಣಿಸಿಕೊಳ್ಳುತ್ತದೆ. ಕನ್ನಡದಲ್ಲಿ ಬಾಯಿ ಬಿಡದ ಹುಡುಗ ತುಳುವಿನಲ್ಲಿ ನಿನ್ನೆ ರಾತ್ರಿಯ ಬಯಲಾಟದ ಕಥೆಯನ್ನು ಪೂರ್ತಿ ಹೇಳಿದರೆ ಅವನಿಗೆ ಬೇಕಿರುವುದು ಕನ್ನಡದ ಬಳಕೆ, ಚಿಕಿತ್ಸೆಯಲ್ಲ. ತುಳುವಿನಲ್ಲೂ ಪದ ಸಿಗದೆ, ವಾಕ್ಯ ಕೂಡದೆ ಒದ್ದಾಡಿದರೆ ತಡಮಾಡಬಾರದು. ಹಾಗಾಗಿ ಪರೀಕ್ಷಿಸುವವರು ಮೊದಲು ಮನೆಮಾತಿನಲ್ಲಿ ಕೇಳಬೇಕು. ತಮಗೆ ಬಾರದಿದ್ದರೆ ಅಜ್ಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡಾದರೂ ಕೇಳಬೇಕು. ಕಿವಿಯ ಪರೀಕ್ಷೆಯಂತೂ ಎಲ್ಲಕ್ಕಿಂತ ಮೊದಲು. ಕಿವಿ ಸೋರುವ ಮಗು ‘ಗಮನ ಕೊಡುವುದಿಲ್ಲ’ ಎಂದು ಬೈಸಿಕೊಳ್ಳುವುದು ಹೊಸತಲ್ಲ.

ಮನೆಯಲ್ಲಿ ಮಾಡುವ ಕೆಲಸಕ್ಕೆ ಖರ್ಚಿಲ್ಲ. ಮಗು ರಸ್ತೆ ತೋರಿಸಿ ‘ಬಸ್ಸ್’ ಎಂದರೆ ಅಮ್ಮ ತುಳುವಿನಲ್ಲೇ ‘ಬಸ್ಸ್ ಬತ್ತ್ಂಡ್’ (ಬಸ್ಸು ಬಂತು) ಎನ್ನಬೇಕು. ಅದು ‘ಬಸ್ಸ್ ಬತ್ತ್ಂಡ್’ ಎನ್ನುವಷ್ಟಾದಾಗ ‘ಕಡಬದ ಬಸ್ಸ್ ಬತ್ತ್ಂಡ್’ ಎನ್ನಬೇಕು. ಮಗುವಿನ ಮಾತಿಗೆ ಒಂದೇ ಪದ ಹೆಚ್ಚು; ತಿದ್ದುವುದಿಲ್ಲ, ‘ಇನ್ನೊಮ್ಮೆ ಹೇಳು’ ಎಂದು ಒತ್ತಾಯಿಸುವುದಿಲ್ಲ. ಕೇಳಿದ ಮೇಲೆ ಸುಮ್ಮನೆ ಕಾಯುವುದು ಇದರಲ್ಲಿ ಎಲ್ಲಕ್ಕಿಂತ ಕಷ್ಟದ್ದು. ಮಗು ಪದ ಹುಡುಕುತ್ತಿರುವಾಗ ದೊಡ್ಡವರು ತಾವೇ ಉತ್ತರ ಹೇಳಿ ಮುಗಿಸಿಬಿಡುತ್ತಾರೆ.

ಮೈಸೂರಿನ ಮಾನಸಗಂಗೋತ್ರಿಯಲ್ಲಿರುವ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗೆ ಅರ್ಧ ಶತಮಾನ ದಾಟಿದೆ. ಮಂಗಳೂರಿನಲ್ಲೂ ಈ ವಿದ್ಯೆ ಕಲಿಸುವ ಕಾಲೇಜುಗಳಿವೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಿಗೆ ಬರುವ ತಂಡದ ಪಟ್ಟಿಯಲ್ಲಿ ಕಿವುಡು, ಭಾಷೆಯ ವಿಳಂಬ, ಕಲಿಕೆಯ ತೊಂದರೆ ಮೂರೂ ಇವೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ನಿರ್ದಿಷ್ಟ ಕಲಿಕಾ ನ್ಯೂನತೆಯನ್ನೂ ಒಪ್ಪಿಕೊಂಡಿದೆ. ಆದರೆ ನೆಟ್ಟಣದಿಂದ ಮಂಗಳೂರಿಗೆ ವಾರಕ್ಕೊಮ್ಮೆ ಹೋಗಿಬರುವುದೆಂದರೆ ರಬ್ಬರ್ ಟ್ಯಾಪಿಂಗಿಗೆ ಹೋಗುವ ಅಪ್ಪನಿಗೆ ಒಂದು ದಿನದ ಕೂಲಿ ಹೋಯಿತು. ಚಿಕಿತ್ಸಕರು ತಿಂಗಳಿಗೊಮ್ಮೆಯಾದರೂ ಕಡಬಕ್ಕೆ ಬರುವಂತಾಗಬೇಕು. ಉಳಿದ ದಿನಗಳಲ್ಲಿ ಮನೆಯವರು, ಟೀಚರು ಹದಿನೈದು ಹದಿನೈದು ನಿಮಿಷ ಕೂತರೂ ಅಭ್ಯಾಸ ತಪ್ಪುವುದಿಲ್ಲ.

ಕೊನೆಗೆ, ಯಾರ ಕಣ್ಣಿಗೂ ಬೀಳದ ಒಂದು ಬಗೆಯ ಮಕ್ಕಳಿದ್ದಾರೆ. ಕನ್ನಡದಲ್ಲಿ ಬರೆದಂತೆ ಓದುವುದರಿಂದ ಅಕ್ಷರ ಬಂದ ಮಗು ಇಡೀ ಪಾಠವನ್ನು ಗಟ್ಟಿಯಾಗಿ ಓದಿಬಿಡಬಲ್ಲದು. ‘ಆಮೇಲೆ ಏನಾಯಿತು?’ ಎಂದು ಕೇಳಿದರೆ ಉತ್ತರವಿಲ್ಲ. ಇಂಥ ಮಗುವಿಗೆ ನಾನು ಮೆಚ್ಚುವ ದಾರಿ ಹೀಗೆ: ಅದಕ್ಕೆ ಗೊತ್ತಿರುವ ಕಥೆಯೊಂದನ್ನು ತುಳುವಿನಲ್ಲೇ ಹೇಳಿಸಿ. ಯಾರಿದ್ದರು, ಎಲ್ಲಿದ್ದರು, ಯಾಕೆ ಹಾಗೆ ಮಾಡಿದರು ಎಂದು ನಡುನಡುವೆ ಕೇಳಿ. ಹೇಳಿದ್ದನ್ನು ಹೇಳಿದಂತೆಯೇ ಕನ್ನಡ ಲಿಪಿಯಲ್ಲಿ ಬರೆದು, ಮರುದಿನ ಓದಲು ಅದರ ಕೈಗೇ ಕೊಡಿ. ಅರ್ಥ ಮೊದಲೇ ಮನಸ್ಸಿನಲ್ಲಿರುತ್ತದೆ, ಕಣ್ಣು ಅಕ್ಷರಗಳನ್ನು ಹಿಂಬಾಲಿಸಿದರೆ ಸಾಕು. ಅದೇ ಕಥೆ ಒಂದು ವಾರ ಬಿಟ್ಟು ಕನ್ನಡದಲ್ಲಿ ಬರಲಿ, ಎಡಪುಟದಲ್ಲಿ ತುಳು, ಬಲಪುಟದಲ್ಲಿ ಕನ್ನಡ. ನೋಟ್‌ಬುಕ್ಕಿನ ರಟ್ಟಿನ ಮೇಲೆ ಮಗು ತನ್ನ ಹೆಸರನ್ನು ತಾನೇ ಬರೆಯಲಿ. ಈ ಕಡೆ ಎಷ್ಟೋ ಹುಡುಗರ ಹೆಸರು ಸುಬ್ರಹ್ಮಣ್ಯ.